ಎಸ್ಸೆಸ್ಸೆಲ್ಸಿ ನಂತರ ಕುದುರೆಗಳೊಂದಿಗೆ ವೃತ್ತಿ

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಂತಹ ಭತ್ತದ ಸೀಮೆಯ ವಿದ್ಯಾರ್ಥಿಯು ಕುದುರೆಗಳೊಂದಿಗೆ ದುಡಿಯಬಯಸಿದರೆ ಊರು ಬಿಡುವುದು ಬಹುತೇಕ ಅನಿವಾರ್ಯ. ರಾಜ್ಯದಲ್ಲಿ ಇಂತಹ ಉದ್ಯೋಗಗಳು ಮುಖ್ಯವಾಗಿ ಬೆಂಗಳೂರು ಮತ್ತು ಮೈಸೂರುಗಳಲ್ಲಿವೆ.

ಜಾಕಿ: ಟರ್ಫ್ ಕ್ಲಬ್‌ಗಳ ಅಪ್ರೆಂಟಿಸ್ ತರಬೇತಿಯೇ ಇದಕ್ಕೆ ದಾರಿ. ರೇಸಿನಲ್ಲಿ ಕುದುರೆ ಹೊರುವ ಭಾರ ಜೀನು ಸಹಿತ ಸಾಮಾನ್ಯವಾಗಿ 50ರಿಂದ 60 ಕೆ.ಜಿ. ಆದ್ದರಿಂದ ಹಗುರ ಮೈಕಟ್ಟು ಅತ್ಯಗತ್ಯ. ಮೈತೂಕ ಹೆಚ್ಚಿದರೆ ಅಥವಾ ಬಿದ್ದು ಗಾಯಗೊಂಡರೆ ವೃತ್ತಿಯೇ ಮೊಟಕಾಗಬಹುದು. ರೇಸ್ ಬಾಜಿಯ ಪೂರ್ಣ ಮೊತ್ತದ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರ್‌ನಲ್ಲಿ ಶೇ 28 ಆಗಿದ್ದು, 2025ರ ಸೆಪ್ಟೆಂಬರ್‌ನಲ್ಲಿ ಶೇ 40ಕ್ಕೇರಿದೆ. ಈ ಉದ್ಯಮವನ್ನೇ ನೆಚ್ಚುವವರು ಇದನ್ನೂ ಗಮನಿಸಬೇಕು.

ಲಾಯದ ಕೆಲಸ: ಸೈಸ್ ಆಗಿ ಸೇರಿ ಮೇವು, ಮಾಲೀಸು, ಲಾಯದ ಸ್ವಚ್ಛತೆಗಳನ್ನು ಕಲಿಯಬಹುದು. ಲಾಳ ಕಟ್ಟುವುದು ಪ್ರತ್ಯೇಕ ಕೌಶಲ. ಇವಕ್ಕೆ ಪದವಿ ಬೇಡ. ಆದರೆ ನಸುಕಿನಲ್ಲೇ ಏಳುವ ರೂಢಿ ಬೇಕು.

ಪೊಲೀಸ್: ದಸರಾ ಮೆರವಣಿಗೆಯಲ್ಲಿ ಕಾಣುವ ಅಶ್ವಾರೋಹಿ ದಳದ ನೆಲೆ ಮೈಸೂರು. ಇದನ್ನು ಸೇರಲು ಪೊಲೀಸ್ ನೇಮಕಾತಿಯನ್ನು ಹಾದು ಬರಬೇಕು.

ಪಶುವೈದ್ಯಕೀಯ: ಬೀದರ್‌ನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರಿಗೆ ಬಿ.ವಿ.ಎಸ್ಸಿ. ಪದವಿಯಿದ್ದು, ಇಂಟರ್ನ್‌ಶಿಪ್ ಸೇರಿ ಅದರ ಅವಧಿ ಐದೂವರೆ ವರ್ಷ. ಈ ಪದವೀಧರರು ಸೇನೆಯ ರಿಮೌಂಟ್ ವೆಟರ್ನರಿ ಕೋರ್‌ಗೂ ಅರ್ಜಿ ಸಲ್ಲಿಸಬಹುದು.

ಸವಾರಿಯ ಆಸೆ ಎಷ್ಟೇ ಇರಲಿ, ಪಿಯುಸಿಯಲ್ಲಿ ಜೀವಶಾಸ್ತ್ರವನ್ನು ಕೈಬಿಡದಿರುವುದು ಜಾಣತನ. ಸವಾರಿ ನಿಂತ ದಿನವೂ ಕುದುರೆಗಳ ನಡುವೆ ಉಳಿಯಲು ಅದು ನೆರವಾಗುತ್ತದೆ.