‘ಅಛೂತ್ ಕನ್ಯಾ’ದ ನಿರ್ದೇಶಕ ಮತ್ತು ನಾಜಿ ಪಕ್ಷ: ಒಂದು ಟಿಪ್ಪಣಿ

ಬಾಂಬೆ ಟಾಕೀಸ್‌ನ ‘ಅಛೂತ್ ಕನ್ಯಾ’ ತೆರೆಕಂಡದ್ದು 1936ರಲ್ಲಿ. ರೈಲ್ವೆ ಗೇಟು ಕಾಯುವ ಹರಿಜನ ದುಖಿಯಾನ ಮಗಳು ಕಸ್ತೂರಿ, ಬ್ರಾಹ್ಮಣ ಅಂಗಡಿಕಾರ ಮೋಹನನ ಮಗ ಪ್ರತಾಪ. ಇವರಿಬ್ಬರ ಕೈಗೂಡದ ಪ್ರೀತಿಯೇ ಕಥೆ. ಈ ಪಾತ್ರಗಳಲ್ಲಿ ದೇವಿಕಾ ರಾಣಿ ಮತ್ತು ಅಶೋಕ್ ಕುಮಾರ್. ಅಸ್ಪೃಶ್ಯತೆಯನ್ನು ಎತ್ತಿಕೊಂಡ ಆರಂಭದ ಹಿಂದಿ ವಾಕ್ಚಿತ್ರಗಳ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಇದರ ನಿರ್ದೇಶಕರು ಮ್ಯೂನಿಕ್‌ನವರಾದ ಫ್ರಾಂಜ್ ಓಸ್ಟೆನ್. ಅದೇ 1936ರಲ್ಲಿ ಅವರು ನಾಜಿ ಪಕ್ಷದ ಸದಸ್ಯರಾದರು. ಅದರ ಹಿಂದಿನ ವರ್ಷ, ಸೆಪ್ಟೆಂಬರಿನಲ್ಲಿ, ಆ ಪಕ್ಷದ ಸರ್ಕಾರ ನ್ಯೂರೆಂಬರ್ಗ್ ಕಾಯಿದೆಗಳನ್ನು ತಂದು ಯೆಹೂದಿಗಳಿಗೂ ‘ಜರ್ಮನ್ ರಕ್ತ’ದವರಿಗೂ ಮದುವೆಯಾಗಕೂಡದೆಂದು ವಿಧಿಸಿತ್ತು. ಹುಟ್ಟಿನ ಕಾರಣಕ್ಕೆ ಕೂಡಿಬಾರದ ಮದುವೆಯ ದುಃಖವನ್ನು ತೆರೆಗೆ ತಂದವರೂ, ಅಂಥ ಮದುವೆಯನ್ನು ಅಪರಾಧವಾಗಿಸಿದ ಪಕ್ಷಕ್ಕೆ ಸೇರಿದವರೂ ಒಬ್ಬರೇ.

ನಮ್ಮ ಸಿನಿಮಾ ಬರಹಗಳಲ್ಲಿ ಈ ಎರಡು ಸಂಗತಿಗಳು ಅಕ್ಕಪಕ್ಕ ಕೂರುವುದು ಅಪರೂಪ. ನಾಜಿ ಕಾಲದ ನೈತಿಕ ಹೊಣೆಯ ಚರ್ಚೆ ಎಂದರೆ ‘ಶಿಂಡ್ಲರ್ಸ್ ಲಿಸ್ಟ್’, ‘ಶೋವಾ’ ಎಂದು ಯುರೋಪಿನತ್ತ ನೋಡುತ್ತೇವೆ. ಆದರೆ ಆ ಚರ್ಚೆಗೆ ಬೇಕಾದ ಸಾಮಗ್ರಿ ನಮ್ಮ ಸಿನಿಮಾ ಚರಿತ್ರೆಯೊಳಗೇ ಇದೆ. ಅದರ ಒಂದು ಎಳೆ ಬೆಂಗಳೂರಿಗೂ ಬರುತ್ತದೆ.

ಮೊದಲು ಚಿತ್ರವನ್ನು ನೋಡೋಣ. ಕಾಯಿಲೆ ಬಿದ್ದ ದುಖಿಯಾನನ್ನು ಮೋಹನ ತನ್ನ ಮನೆಗೇ ಕರೆತಂದು ಆರೈಕೆ ಮಾಡುತ್ತಾನೆ. ಹಿಂದೆ ಮೋಹನನಿಗೆ ಹಾವು ಕಚ್ಚಿದಾಗ ಜೀವ ಉಳಿಸಿದವನು ಇದೇ ದುಖಿಯಾ. ಊರಿನಲ್ಲಿ ಗುಸುಗುಸು ಶುರುವಾಗುತ್ತದೆ. ಮೋಹನನ ಮೇಲೆ ಹಗೆಯಿದ್ದವರು ಅದನ್ನು ಊದುತ್ತಾರೆ. ಗುಂಪು ಸೇರಿ ಮನೆಗೆ ನುಗ್ಗಿ ಬೆಂಕಿಯಿಡುತ್ತದೆ. ನನಗೆ ಇಡೀ ಚಿತ್ರದ ಅತ್ಯಂತ ಗಟ್ಟಿಯಾದ ಭಾಗ ಇದೇ. ಮುಟ್ಟಬಾರದವನಿಗೆ ಆಶ್ರಯ ಕೊಟ್ಟ ಅಂಗಡಿಕಾರನ ಮನೆ ಉರಿಯುವುದನ್ನು ಇಷ್ಟು ಸ್ಪಷ್ಟವಾಗಿ ಚಿತ್ರಿಸಿದ ಎರಡು ವರ್ಷಕ್ಕೆ, 1938ರ ನವೆಂಬರ್ 9ರ ರಾತ್ರಿ, ಓಸ್ಟೆನ್ ಅವರ ಹುಟ್ಟೂರು ಮ್ಯೂನಿಕ್‌ನ ಹಳೆಯ ಪುರಭವನದಲ್ಲಿ ನಾಜಿ ಪ್ರಚಾರ ಸಚಿವ ಗೋಬೆಲ್ಸ್ ಭಾಷಣ ಮಾಡಿದ. ಅದರ ಬೆನ್ನಿಗೇ ಜರ್ಮನಿಯುದ್ದಕ್ಕೂ ಯೆಹೂದಿಗಳ ಅಂಗಡಿಗಳು ಒಡೆದವು, ಪ್ರಾರ್ಥನಾಮಂದಿರಗಳು ಉರಿದವು. ಆಗಲೂ ಓಸ್ಟೆನ್ ಬಾಂಬೆ ಟಾಕೀಸ್‌ನಲ್ಲಿ ನಿರ್ದೇಶಕರಾಗಿಯೇ ಇದ್ದರು.

ಇಲ್ಲಿ ಅವಸರದ ತೀರ್ಮಾನ ಸಲ್ಲದು. ಓಸ್ಟೆನ್‌ಗೆ ಹಿಂದಿ ಬರುತ್ತಿರಲಿಲ್ಲ. ಕಥೆ ನಿರಂಜನ್ ಪಾಲ್ ಅವರದು, ಸಂಗೀತ ಸರಸ್ವತಿ ದೇವಿ ಅವರದು, ಸಂಸ್ಥೆಯ ಚುಕ್ಕಾಣಿ ಹಿಮಾಂಶು ರಾಯ್ ಕೈಯಲ್ಲಿ. ಹೀಗಿರುವಾಗ ಚಿತ್ರದ ಕರುಣೆಯನ್ನು ನಿರ್ದೇಶಕರ ಖಾತೆಗೆ ಜಮಾ ಮಾಡಿ, ಅದನ್ನೇ ಅವರ ಪರ ಸಾಕ್ಷಿಯಾಗಿ ನಿಲ್ಲಿಸಲು ಬರುವುದಿಲ್ಲ. ಸದಸ್ಯತ್ವದ ಚೀಟಿಯೊಂದರಿಂದಲೇ ಮನುಷ್ಯನ ಒಳಗೆ ಏನಿತ್ತೆಂದು ಹೇಳಲೂ ಆಗದು. 1933ರಿಂದ ಜರ್ಮನಿಯಲ್ಲಿ ಸಿನಿಮಾ ಕೆಲಸ ಮಾಡಬೇಕಾದರೆ ಸರ್ಕಾರದ ಫಿಲ್ಮ್ ಚೇಂಬರಿನ ಒಪ್ಪಿಗೆ ಬೇಕಿತ್ತು. ಯೆಹೂದಿಗಳಿಗೆ ಅದರ ಬಾಗಿಲು ಮುಚ್ಚಿತ್ತು. ಊರಿಗೆ ಮರಳಿದಾಗ ಕೆಲಸ ಸಿಗಲೆಂಬ ಲೆಕ್ಕಾಚಾರವೂ ಇದ್ದಿರಬಹುದು.

ಆದರೆ ಲೆಕ್ಕಾಚಾರ ಎಂದ ಮಾತ್ರಕ್ಕೆ ಅದು ನಿರಪರಾಧವಾಗುವುದಿಲ್ಲ. ಪಕ್ಷದ ಕೈಗೆ ಸಿಕ್ಕಿ ನರಳದೆ, ಸಾವಿರಾರು ಮೈಲಿ ದೂರದಲ್ಲಿ, ಕೈತುಂಬ ಕೆಲಸವಿದ್ದು, ಅವರು ಸೇರಿದರು. ಅದೇ ಬಾಂಬೆಯಲ್ಲಿ ಅದೇ ಪಕ್ಷದಿಂದ ತಪ್ಪಿಸಿಕೊಂಡು ಬಂದವರೂ ಇದ್ದರು. 1934ರಲ್ಲಿ ಬಂದಿಳಿದ ಯೆಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಅಲ್ಲಿನ ಚಿತ್ರಗಳಿಗೂ ಸಂಗೀತ ಕೊಟ್ಟರು. ಆಕಾಶವಾಣಿಯ ಬೆಳಗಿನ ರಾಗಸಂಕೇತ ಅವರದೆಂಬ ಮಾತು ಪ್ರಸಿದ್ಧ. 1939ರಲ್ಲಿ ಬಂದ ವಿಲ್ಲಿ ಹಾಸ್ ಮೋಹನ್ ಭವನಾನಿ ಅವರಿಗೆ ಚಿತ್ರಕಥೆ ಬರೆದರು. ಮೈಸೂರು ಸಂಸ್ಥಾನದಲ್ಲೂ ಹೀಗೆಯೇ. ಗಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ. ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿದರು. ಮಲ್ಲೇಶ್ವರಕ್ಕೆ ಕೂಗಳತೆಯ ಆ ಸಂಸ್ಥೆಯಲ್ಲಿ, ಸ್ವಂತ ದೇಶವೇ ಓಡಿಸಿದ ಎರಡನೇ ದರ್ಜೆಯವನು ಎಂದು ತಮ್ಮನ್ನು ಸಭೆಯಲ್ಲೇ ಪ್ರಾಧ್ಯಾಪಕರೊಬ್ಬರು ಹೀಗಳೆದದ್ದನ್ನು ಬಾರ್ನ್ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅವರ ಸೋದರಳಿಯ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ವಿನ್ಯಾಸ.  ಇವರ ಬದುಕುಗಳ ಪಕ್ಕದಲ್ಲಿಟ್ಟಾಗ ಓಸ್ಟೆನ್ ಅವರ ಸಹಿಯ ತೂಕ ತಿಳಿಯುತ್ತದೆ.

ನನ್ನ ವಾದ ಇಷ್ಟು. ‘ಅಛೂತ್ ಕನ್ಯಾ’ ತನ್ನ ನಿರ್ದೇಶಕರಿಂದ ಏನನ್ನೂ ಕೇಳಲಿಲ್ಲ. ಬೇರೊಬ್ಬನ ಹೆಂಡತಿಯಾದ ಕಸ್ತೂರಿ, ಪ್ರತಾಪನ ಮೇಲೆ ತನ್ನ ಗಂಡ ಕೈಮಾಡಿದಾಗ ರೈಲು ತಡೆಯಲು ಓಡಿ ಹಳಿಯ ಮೇಲೆ ಸಾಯುತ್ತಾಳೆ. ಅವಳಿಗೊಂದು ಗುಡಿ ಏಳುತ್ತದೆ. ತಪ್ಪು ಊರಿನ ಗುಂಪಿನದು ಮತ್ತು ವಿಧಿಯದು ಎಂದಾಗುತ್ತದೆ. ಮದುವೆ ಬೇಡವೆಂದ ಕಟ್ಟಳೆ ನಿಂತಲ್ಲೇ ನಿಲ್ಲುತ್ತದೆ. ಅಸ್ಪೃಶ್ಯತೆಯನ್ನೇ ಎತ್ತಿಕೊಂಡ 1975ರ ಬಿ. ವಿ. ಕಾರಂತರ ‘ಚೋಮನ ದುಡಿ’ಯಲ್ಲಾದರೆ ಭೂಮಿ, ಸಾಲ, ಧಣಿಯ ಹಿಡಿತ ಕಣ್ಣೆದುರೇ ಇರುತ್ತವೆ. ‘ಅಛೂತ್ ಕನ್ಯಾ’ದಲ್ಲಿ ಅವು ಇಲ್ಲ; ಹಾಗಾಗಿ ಸತ್ತವಳನ್ನು ಪೂಜಿಸುವ ಮರುಕಕ್ಕೂ ಪಕ್ಷದ ಚೀಟಿಗೂ ಘರ್ಷಣೆ ಹುಟ್ಟದಿದ್ದುದು ಆಶ್ಚರ್ಯವಲ್ಲ.

ಇದೇ 1936ರಲ್ಲಿ ದೇಶಭ್ರಷ್ಟ ಕ್ಲಾಸ್ ಮಾನ್ ತನ್ನ ‘ಮೆಫಿಸ್ಟೊ’ ಕಾದಂಬರಿಯನ್ನು ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟಿಸಿದ. ಕಲೆಯ ಹೆಸರು ಹೇಳಿ ನಾಜಿಗಳ ನೆರಳಿನಲ್ಲಿ ಮೇಲೇರುವ ನಟನ ಕಥೆ ಅದು. ಇಸ್ತ್ವಾನ್ ಸಾಬೊ 1981ರಲ್ಲಿ ಅದನ್ನು ಚಿತ್ರವಾಗಿಸಿದಾಗ ಆಸ್ಕರ್ ಬಂತು. ಸಾಬೊ ಅವರೇ ಎಳೆಯ ವಯಸ್ಸಿನಲ್ಲಿ ಹಂಗೆರಿಯ ಗುಪ್ತ ಪೊಲೀಸರಿಗೆ ಸಹಪಾಠಿಗಳ ಬಗ್ಗೆ ವರದಿ ಕೊಟ್ಟಿದ್ದು 2006ರಲ್ಲಿ ಹೊರಬಿತ್ತು. ಚಿತ್ರದ ಮೌಲ್ಯ ಅದರಿಂದ ಕುಗ್ಗಲಿಲ್ಲ. ನೋಡುವವರ ಹೊಣೆ ಮಾತ್ರ ಹೆಚ್ಚಿತು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಸಾರಿದಾಗ ಓಸ್ಟೆನ್ ನಿರ್ದೇಶನದ ‘ಕಂಗನ್’ ತಯಾರಾಗುತ್ತಿತ್ತು. ಅದರ ನಾಯಕಿ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್. ಬ್ರಿಟಿಷರು ಓಸ್ಟೆನ್ ಅವರನ್ನು ಬಂಧಿಸಿದರು. ಮುಂದೆ ಬಿಡುಗಡೆಯಾಗಿ ಜರ್ಮನಿಗೆ ಮರಳಿದ ಅವರು 1956ರಲ್ಲಿ ತೀರಿಕೊಂಡರು. ಬಾಂಬೆ ಟಾಕೀಸ್‌ನ ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಅವರೂ ಬಂಧನ ಕಂಡರು, ಆದರೆ ಇಲ್ಲೇ ಉಳಿದು ‘ಮಹಲ್’, ‘ಪಾಕೀಜಾ’ಗಳಿಗೆ ದುಡಿದರು. 1945ರಲ್ಲಿ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾದ ದೇವಿಕಾ ರಾಣಿ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿ, 1994ರಲ್ಲಿ ಬೆಂಗಳೂರಿನಲ್ಲೇ ನಿಧನರಾದರು. 

ಬಾಂಬೆ ಟಾಕೀಸ್‌ನ ಸಂಗ್ರಹಗಳು 2017ರಲ್ಲಿ ಮೆಲ್ಬೋರ್ನ್‌ನಲ್ಲಿ ಪ್ರದರ್ಶನ ಕಂಡವು. ದೇವಿಕಾ ರಾಣಿ ಬಾಳಿದ ಊರಿನಲ್ಲೂ ಆ ಕೆಲಸ ಆಗಬೇಕು. ನಮ್ಮ ಫಿಲ್ಮ್ ಸೊಸೈಟಿಗಳು ‘ಅಛೂತ್ ಕನ್ಯಾ’ವನ್ನೂ ‘ಮೆಫಿಸ್ಟೊ’ವನ್ನೂ ಒಂದೇ ವಾರ ತೋರಿಸಲಿ, ಪರಿಚಯದ ಹಾಳೆಯಲ್ಲಿ ನಿರ್ದೇಶಕರ ಹೆಸರಿನ ಮುಂದೆ 1936ರ ಎರಡೂ ಸಂಗತಿಗಳನ್ನು ಅಚ್ಚು ಹಾಕಲಿ.