ಬೇಸ್ ಗಿಟಾರ್ ಕಲಿಯುವವರಿಗೆ ಸ್ಕೇಲ್ ಅಭ್ಯಾಸ ಏಕೆ?

ನಮ್ಮ ಗಾಯನ ಮಂಡಳಿಗಳಲ್ಲಿ ಬೇಸ್ ಗಿಟಾರ್ ನುಡಿಸುವ ಯುವಜನರು ಹೆಚ್ಚಾಗಿ ಕಾರ್ಡಿನ ಮೂಲ ಸ್ವರವನ್ನಷ್ಟೇ ನುಡಿಸುತ್ತಾರೆ. ಅದು ತಪ್ಪಲ್ಲ. ಆದರೆ ಬಲಿಪೂಜೆಗೆ ಐದು ನಿಮಿಷವಿರುವಾಗ ಪ್ರವೇಶ ಗೀತೆಯ ಶ್ರುತಿ ಬದಲಿಸಿದರೆ ಅವರ ಬೆರಳು ತಡವರಿಸುತ್ತದೆ. ಹಾಡನ್ನು ಬರೀ ಫ್ರೆಟ್ ಸಂಖ್ಯೆಗಳಾಗಿ ಬಾಯಿಪಾಠ ಮಾಡಿರುವುದೇ ಇದಕ್ಕೆ ಕಾರಣ.

ಬೇಸ್‌ನ ನಾಲ್ಕು ತಂತಿಗಳು ದಪ್ಪದಿಂದ ಸಪೂರಕ್ಕೆ ಇ, ಎ, ಡಿ, ಜಿ. ಅಕ್ಕಪಕ್ಕದ ತಂತಿಗಳ ಅಂತರ ಎಲ್ಲೆಡೆಯೂ 5 ಫ್ರೆಟ್. ಸಾಮಾನ್ಯ ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಇದು 4ಕ್ಕೆ ಇಳಿಯುತ್ತದೆ. ಬೇಸ್‌ನಲ್ಲಿ ಆ ತೊಡಕಿಲ್ಲ. ಆದುದರಿಂದ ಒಮ್ಮೆ ಕಲಿತ ಬೆರಳುಗಳ ಕ್ರಮ ಎಲ್ಲ ಶ್ರುತಿಗಳಿಗೂ ಹೊಂದುತ್ತದೆ.

ಸಿ ಮೇಜರ್ ಸ್ಕೇಲನ್ನೇ ತೆಗೆದುಕೊಳ್ಳೋಣ. ಎ ತಂತಿಯಲ್ಲಿ 3, 5. ಡಿ ತಂತಿಯಲ್ಲಿ 2, 3, 5. ಜಿ ತಂತಿಯಲ್ಲಿ 2, 4, 5ನೇ ಫ್ರೆಟ್‌ಗಳು. (ಕರ್ನಾಟಕ ಸಂಗೀತ ಬಲ್ಲವರಿಗೆ ಇವು ಶಂಕರಾಭರಣದ ಸ್ವರಗಳೇ.) ಡಿ ಮೇಜರ್ ಬೇಕೆಂದರೆ ಇಡೀ ಕೈಯನ್ನು ಎರಡು ಫ್ರೆಟ್ ಮೇಲಕ್ಕೆ ಸರಿಸಿದರಾಯಿತು.

ಸ್ಕೇಲಿನ 1, 3, 5ನೇ ಸ್ವರಗಳು ಸೇರಿದರೆ ಮೇಜರ್ ಕಾರ್ಡ್. ಇದು ತಿಳಿದವರು ಮೂಲ ಸ್ವರಕ್ಕೇ ಅಂಟಿಕೊಳ್ಳಬೇಕಿಲ್ಲ. ಸಿ ಕಾರ್ಡಿನಿಂದ ಎಫ್‌ಗೆ ಹೋಗುವಾಗ ಒಮ್ಮೆಲೇ ಜಿಗಿಯದೆ ಡಿ, ಇ ಸ್ವರಗಳನ್ನು ಮುಟ್ಟಿ ಸಾಗಿದರೆ ಮುಂದಿನ ಕಾರ್ಡ್ ಬರುತ್ತಿದೆಯೆಂದು ಹಾಡುವವರಿಗೂ ತಿಳಿಯುತ್ತದೆ. ಕೀರ್ತನೆಯ ಶ್ಲೋಕಗಳಿಗೆ ಮಾತ್ರ ಮೂಲ ಸ್ವರವೇ ಲೇಸು. ಅಲ್ಲಿ ಮಾತು ಕೇಳಿಸಬೇಕು, ನಮ್ಮ ಬೆರಳ ಚಳಕವಲ್ಲ.

ಮೆಟ್ರೊನೋಮನ್ನು ನಿಮಿಷಕ್ಕೆ 60ರಲ್ಲಿಟ್ಟು, ಸ್ವರದ ಹೆಸರನ್ನು ಬಾಯಲ್ಲಿ ಹೇಳುತ್ತಾ ಆರೋಹಣ, ಅವರೋಹಣ ಎರಡನ್ನೂ ನುಡಿಸಿರಿ. ಎಡಗೈ ತಪ್ಪದ ಮೇಲಷ್ಟೇ ವೇಗ ಹೆಚ್ಚಿಸಿರಿ.