ಕೋಳಿಗೆ ಅರ್ಧ ಟಿಕೆಟ್, ರಾಗಿ ಹಿಟ್ಟಿಗೆ ಎಷ್ಟು? ವಿಮಾನದ ಲಗೇಜ್ ಶುಲ್ಕದ ಕಥೆ

ಮಂಡಿಕಲ್‌ನಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ಒಂದು ಬ್ಯಾಗಿನ ಬಗ್ಗೆ.

ನಮ್ಮ ದೊಡ್ಡಮ್ಮನ ಮಗನಿಗೆ ದೆಹಲಿ ಕಡೆ ಕೆಲಸ ಸಿಕ್ತು. ನಮ್ಮ ಮನೆಯಲ್ಲಿ ವಿಮಾನ ಹತ್ತಿದ ಮೊದಲನೇ ಮನುಷ್ಯ ಅಣ್ಣನೇ. ದೊಡ್ಡಮ್ಮ ಎರಡು ದಿನ ಕೂತು ಬ್ಯಾಗ್ ತುಂಬಿದ್ರು. ಐದು ಕೆಜಿ ರಾಗಿ ಹಿಟ್ಟು, ಹುರುಳಿಕಾಳು, ಕಡ್ಲೆಕಾಯಿ, ಚಟ್ನಿಪುಡಿ, ಹೊಸ ಹುಣಸೆಹಣ್ಣು. ಪೇರೇಸಂದ್ರ ಕ್ರಾಸಿಗೆ ಬಂದು ಬಸ್ ಹಿಡಿದು, ದೇವನಹಳ್ಳಿ ದಾಟಿ ಏರ್‌ಪೋರ್ಟ್ ತಲುಪಿದ್ವಿ. ನಾನು ಗಾಜಿನ ಬಾಗಿಲ ಹೊರಗೇ ನಿಂತೆ, ಅಣ್ಣ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಬ್ಯಾಗ್ ಇಪ್ಪತ್ತು ಕೆಜಿ ದಾಟಿದೆ, ಟಿಕೆಟ್‌ನಲ್ಲಿ ಬಿಡೋದು ಹದಿನೈದು. ಹೆಚ್ಚಿಗೆ ಇರೋದಕ್ಕೆ ಕೇಳ್ತಿರೋ ದುಡ್ಡಲ್ಲಿ ಊರಲ್ಲಿ ಮೂಟೆ ರಾಗಿ ಬರುತ್ತೆ. ಹೆಗಲ ಬ್ಯಾಗಿಗೆ ತುಂಬೋಣ ಅಂದ್ರೆ ಅದಕ್ಕೂ ಏಳು ಕೆಜಿ ಮಿತಿ, ಅದೂ ತುಂಬಿದೆ. ಹಿಂದೆ ಕ್ಯೂನಲ್ಲಿ ನಿಂತೋರು ನೋಡ್ತಿದ್ದಾರೆ. ಅಣ್ಣ ನೆಲದ ಮೇಲೆ ಬ್ಯಾಗ್ ಬಿಚ್ಚಿ, ರಾಗಿ ಹಿಟ್ಟಿನ ಚೀಲ ತೆಗೆದು ಕಸದ ಡಬ್ಬದ ಪಕ್ಕ ಇಟ್ಟ. ಫೋನಲ್ಲಿ ಒಂದೇ ಮಾತು ಹೇಳಿದ: "ಅಮ್ಮನಿಗೆ ಹೇಳ್ಬೇಡ ಕಣೋ."

ಆ ರಾತ್ರಿ ದೊಡ್ಡಮ್ಮ ಫೋನ್ ಮಾಡಿ "ಮುದ್ದೆ ಮಾಡ್ಕೊಂಡೇನಪ್ಪಾ?" ಅಂತ ಕೇಳಿದ್ರು. ಅಣ್ಣ "ಹೂಂ" ಅಂದ. ಇದೆಲ್ಲ ಈಗ ದೊಡ್ಡಮ್ಮನಿಗೆ ಗೊತ್ತು, ಅವರನ್ನ ಕೇಳಿಯೇ ಹೇಳ್ತಿದ್ದೀನಿ.

ಬಿ.ಕಾಂ. ಓದಿದವನು ನಾನು, ಅವತ್ತಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಟಿಕೆಟ್ ತಗೊಂಡ್ರೆ ನಾವು ಏನನ್ನ ಕೊಂಡ್ಕೊಂಡ ಹಾಗೆ? ಮನುಷ್ಯನಿಗೆ ಮಾತ್ರನಾ, ಮನುಷ್ಯ ಮತ್ತು ಅವನ ಗಂಟು ಎರಡಕ್ಕೂನಾ?

ಮೊದಲು ನಮ್ಮ ಬಸ್ಸಿಂದ ಶುರು ಮಾಡೋಣ

ಲಗೇಜಿಗೆ ದುಡ್ಡು ಕೇಳೋದು ವಿಮಾನದವರು ಕಂಡುಹಿಡಿದದ್ದಲ್ಲ. 2018ರಲ್ಲಿ ನಮ್ಮ ಪೇರೇಸಂದ್ರ–ಗೌರಿಬಿದನೂರು ಕಡೆಯ ಸುದ್ದಿಯೊಂದು ದೇಶವೆಲ್ಲ ಓಡಾಡಿತ್ತು, ನೆನಪಿದೆಯಾ? ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಒಬ್ಬರು ಎರಡು ಕೋಳಿ ಹಿಡ್ಕೊಂಡು ಕೂತಿದ್ರು. ಕಂಡಕ್ಟರ್ ಕೋಳಿಗಳಿಗೂ ಅರ್ಧ ಟಿಕೆಟ್ ಹರಿದು ಕೊಟ್ರು. ಎಲ್ಲರೂ ನಕ್ಕರು. ಆದ್ರೆ ನಿಯಮದ ಪ್ರಕಾರ ಅದು ಸರಿಯೇ ಇತ್ತು.

2024ರ ಮಾರ್ಚ್‌ನಲ್ಲಿ ಇನ್ನೊಂದು. ಅಜ್ಜಿ, ಮೊಮ್ಮಗಳು ಬೆಂಗಳೂರಿಂದ ಮೈಸೂರಿಗೆ ಹೊರಟಿದ್ರು. ಶಕ್ತಿ ಯೋಜನೆ ಇರೋದ್ರಿಂದ ಅವರಿಬ್ಬರಿಗೂ ಪ್ರಯಾಣ ಉಚಿತ. ಜೊತೆಗಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ಮಾತ್ರ ತಲೆಗೆ 111ರಂತೆ 444 ರೂಪಾಯಿ ಟಿಕೆಟ್!

ರೈಲಲ್ಲೂ ಮಿತಿ ಇದೆ. ಸ್ಲೀಪರ್ ಕ್ಲಾಸಲ್ಲಿ 40 ಕೆಜಿ, ಸೆಕೆಂಡ್ ಕ್ಲಾಸಲ್ಲಿ 35 ಕೆಜಿ ಉಚಿತ. ತೂಗಿ ನೋಡೋರು ಕಡಿಮೆ ಅಷ್ಟೇ. ಅಂದ್ರೆ ಬಸ್ಸು, ರೈಲಿನ ಲೆಕ್ಕ ಒಂದೇ. ಟಿಕೆಟ್ ಜೊತೆ ಒಂದು ಸಂಸಾರಕ್ಕೆ ಬೇಕಾದಷ್ಟು ಗಂಟು ಬರುತ್ತೆ, ಅದಕ್ಕಿಂತ ಹೆಚ್ಚಾದ್ರೆ ದುಡ್ಡು.

ವಿಮಾನಕ್ಕೆ ತೂಕದ ಚಿಂತೆ ಇನ್ನೂ ಜಾಸ್ತಿ, ಅದು ನ್ಯಾಯವೇ. ಪ್ರತಿ ಕೆಜಿಯನ್ನೂ ಇಂಧನ ಸುಟ್ಟು ಮೇಲಕ್ಕೆ ಎತ್ತಬೇಕು. ಭಾರತದ ವಿಮಾನಯಾನ ಶುರುವಾದದ್ದೇ ಟಪಾಲಿನಿಂದ. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನ ಹಾರಿಸಿಕೊಂಡು ಬಂದಾಗ ಅದರಲ್ಲಿ ಇದ್ದದ್ದು ಪತ್ರಗಳ ಚೀಲ. ಆಮೇಲೆ ಪ್ರಯಾಣಿಕರು ಬಂದ್ರು, ಲಗೇಜ್ ಟಿಕೆಟ್‌ನೊಳಗೇ ಸೇರಿಕೊಳ್ತು. ದಶಕಗಟ್ಟಲೆ ಹಾಗೇ ನಡೀತು. ಯಾಕಂದ್ರೆ ಆಗ ವಿಮಾನ ಹತ್ತುತ್ತಿದ್ದವರು ದುಡ್ಡಿದ್ದವರು, ಟಿಕೆಟ್ ದರವೂ ಹಾಗೇ ಇತ್ತು.

ರೇಷ್ಮೆ ಬೆಳೆದ ಕ್ಯಾಪ್ಟನ್

ಇದನ್ನ ಬದಲಾಯಿಸಿದ್ದು ನಮ್ಮವರೇ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯ ಬಿಟ್ಟು ಬಂದು ಕೃಷಿ ಮಾಡಿದವರು. ಶಿಡ್ಲಘಟ್ಟದವರು ಕಿವಿ ನೆಟ್ಟಗೆ ಮಾಡ್ಕೊಳ್ಳಿ: ಪರಿಸರಕ್ಕೆ ಹೊಂದೋ ಹಾಗೆ ರೇಷ್ಮೆ ಬೆಳೆದಿದ್ದಕ್ಕೆ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದಿತ್ತು. 'ಸೂರರೈ ಪೋಟ್ರು' ಸಿನಿಮಾಗೆ ಸ್ಫೂರ್ತಿ ಇವರ ಬದುಕೇ.

2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಹಾರಾಟ ಶುರು ಮಾಡಿತು. ಚಿಕ್ಕ ಎಟಿಆರ್ ವಿಮಾನ, ಹುಬ್ಬಳ್ಳಿಯಂಥ ಊರುಗಳಿಗೆ ಸಂಪರ್ಕ. ಒಂದು ರೂಪಾಯಿಗೂ ಟಿಕೆಟ್ ಮಾರಿದ್ರು. ಅಷ್ಟು ಕಡಿಮೆಗೆ ಹೇಗೆ? ಟಿಕೆಟ್‌ಗೆ ಅಂಟಿಕೊಂಡಿದ್ದ ಊಟ, ತಿಂಡಿಯನ್ನ ಕಿತ್ತು ಬೇರೆ ಇಟ್ಟರು. ಬೇಕಾದವರು ದುಡ್ಡು ಕೊಟ್ಟು ತಗೊಳ್ಳಿ ಅಂದ್ರು. ಕಾಮರ್ಸ್‌ನಲ್ಲಿ ಇದನ್ನ 'ಅನ್‌ಬಂಡ್ಲಿಂಗ್' ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫುಲ್ ಮೀಲ್ಸ್ ನಿಲ್ಲಿಸಿ ಅನ್ನಕ್ಕೆ ಬೇರೆ, ಸಾರಿಗೆ ಬೇರೆ ರೇಟು ಹಾಕಿದ ಹಾಗೆ.

ಆ ಕಂಪನಿ ಉಳೀಲಿಲ್ಲ, ಕಿಂಗ್‌ಫಿಶರ್ ಪಾಲಾಯ್ತು. ಆದ್ರೆ ಆ ಲೆಕ್ಕಾಚಾರ ಉಳೀತು. ಅದಿಲ್ಲದೆ ನಮ್ಮಣ್ಣನಂಥವನು ವಿಮಾನ ಹತ್ತುತ್ತಲೇ ಇರಲಿಲ್ಲ, ಇದನ್ನ ಒಪ್ಪಲೇಬೇಕು.

2008ರ ಮೇ ತಿಂಗಳ ಒಂದು ವಾರ

ಈಗ ಒಂದು ಕಾಕತಾಳೀಯ ಕೇಳಿ. 2008ರ ಮೇ 24ಕ್ಕೆ ದೇವನಹಳ್ಳಿ ಹತ್ತಿರದ ಹೊಸ ವಿಮಾನ ನಿಲ್ದಾಣ ಬಾಗಿಲು ತೆರೀತು. ಹಿಂದಿನ ವರ್ಷವಷ್ಟೇ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಗಿದ್ದ ನಮ್ಮ ಚಿಕ್ಕಬಳ್ಳಾಪುರದ ಪಕ್ಕಕ್ಕೇ ವಿಮಾನ ಬಂತು. ಅದಕ್ಕೆ ಸರಿಯಾಗಿ ಮೂರು ದಿನ ಮೊದಲು, ಮೇ 21ರಂದು, ಅಮೆರಿಕನ್ ಏರ್‌ಲೈನ್ಸ್ ಒಂದು ಘೋಷಣೆ ಮಾಡಿತು. ಕೌಂಟರ್‌ನಲ್ಲಿ ಕೊಡೋ ಮೊದಲನೇ ಬ್ಯಾಗಿಗೂ ಇನ್ನುಮುಂದೆ 15 ಡಾಲರ್!

ಯುರೋಪಿನ ಅಗ್ಗದ ವಿಮಾನಗಳು 2006ರಲ್ಲೇ ಇದನ್ನ ಶುರು ಮಾಡಿದ್ದವು. ಆದ್ರೆ ಅಮೆರಿಕದ ದೊಡ್ಡ ಕಂಪನಿಯೊಂದು ಕೈಹಾಕಿದ್ದು ಆಗಲೇ. ಕೊಟ್ಟ ಕಾರಣ ಇಂಧನ. ಕಚ್ಚಾತೈಲ ಆಗ ಬ್ಯಾರಲ್‌ಗೆ 130 ಡಾಲರ್ ಆಸುಪಾಸು, ಜುಲೈನಲ್ಲಿ 147ರವರೆಗೂ ಹೋಯ್ತು. ಡಿಸೆಂಬರ್ ಹೊತ್ತಿಗೆ ತೈಲ 40 ಡಾಲರ್‌ಗೂ ಕೆಳಗೆ ಇಳೀತು. ಬ್ಯಾಗಿನ ಶುಲ್ಕ ಮಾತ್ರ ಇಳೀಲಿಲ್ಲ.

ಯಾಕೆ? ಅಕೌಂಟ್ಸ್ ಓದಿದವರಿಗೆ ಇಲ್ಲೊಂದು ಸ್ವಾರಸ್ಯ ಇದೆ. ಅಮೆರಿಕದಲ್ಲಿ ದೇಶದೊಳಗಿನ ಟಿಕೆಟ್ ದರದ ಮೇಲೆ 7.5 ಪರ್ಸೆಂಟ್ ತೆರಿಗೆ ಇದೆ, ಬ್ಯಾಗಿನ ಶುಲ್ಕದ ಮೇಲೆ ಆ ತೆರಿಗೆ ಇಲ್ಲ. ಜೊತೆಗೆ, ಟಿಕೆಟ್ ಹುಡುಕುವಾಗ ಜನ ನೋಡೋದು ಸ್ಕ್ರೀನ್ ಮೇಲಿನ ಮೊದಲ ಅಂಕಿಯನ್ನ. 2023ರಲ್ಲಿ ಅಮೆರಿಕದ ವಿಮಾನ ಕಂಪನಿಗಳು ಬ್ಯಾಗಿನ ಶುಲ್ಕದಿಂದಲೇ 700 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದವು. ವರ್ಷಗಟ್ಟಲೆ 'ಬ್ಯಾಗ್ ಉಚಿತ' ಅಂತ ಜಾಹೀರಾತು ಮಾಡ್ತಿದ್ದ ಸೌತ್‌ವೆಸ್ಟ್ ಕಂಪನಿ ಕೂಡ 2025ರ ಮೇ ತಿಂಗಳಲ್ಲಿ ಸೋತು ಶುಲ್ಕ ಹಾಕಿತು.

ಬ್ಯಾಗ್ ಮೇಲಕ್ಕೆ ಹತ್ತಿತು

ಕೆಳಗೆ ಹಾಕೋ ಬ್ಯಾಗಿಗೆ ದುಡ್ಡು ಅಂದಮೇಲೆ ಜನ ಏನು ಮಾಡ್ತಾರೆ? ಕೈಯಲ್ಲೇ ತಗೊಂಡು ಹೋಗ್ತಾರೆ. ಅದಕ್ಕೆ ಸಾಧನವೂ ಸಿದ್ಧ ಇತ್ತು. 1987ರ ಸುಮಾರಿಗೆ ರಾಬರ್ಟ್ ಪ್ಲಾತ್ ಅನ್ನೋ ಪೈಲಟ್ ನಿಲ್ಲಿಸಿ ಎಳೆಯೋ, ಎರಡು ಚಕ್ರ ಮತ್ತು ಉದ್ದ ಹಿಡಿಯ ಸೂಟ್‌ಕೇಸ್ ಮಾಡಿದ್ದ. ಹೊರೋ ಕಷ್ಟ ತಪ್ಪಿತು, ಬ್ಯಾಗುಗಳು ಉಬ್ಬಿದವು.

ಹಿಂದೆ ವಿಮಾನದ ಸೀಟಿನ ಮೇಲೆ ಇರ್ತಿದ್ದದ್ದು ಟೋಪಿ, ಕೋಟು ಇಡೋ ತೆರೆದ ಹಲಗೆ. ಈಗ ಅಲ್ಲಿ ಮುಚ್ಚಳದ ಗೂಡುಗಳಿವೆ, ಆದ್ರೂ ಎಲ್ಲರ ಬ್ಯಾಗಿಗೂ ಜಾಗ ಸಾಲಲ್ಲ. ಮೊದಲು ಹತ್ತಿದವನಿಗೆ ಜಾಗ, ಕೊನೆಯವನ ಬ್ಯಾಗ್ ಕೆಳಕ್ಕೆ. ನಮ್ಮ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯೋದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಆ ನೂಕಾಟ ಶುಲ್ಕದಿಂದಲೇ ಹೆಚ್ಚಾದದ್ದು. ಆಮೇಲೆ ಆ ನೂಕಾಟಕ್ಕೂ ಬೆಲೆ ಕಟ್ಟಿದ್ರು. 2010ರ ಆಗಸ್ಟ್‌ನಿಂದ ಸ್ಪಿರಿಟ್ ಅನ್ನೋ ಕಂಪನಿ ಮೇಲಿನ ಗೂಡಲ್ಲಿ ಇಡೋ ಬ್ಯಾಗಿಗೂ ಶುಲ್ಕ ಶುರು ಮಾಡಿತು.

ನಮ್ಮ ದೇಶಕ್ಕೆ ಬಂದದ್ದು

ಭಾರತದಲ್ಲಿ 20 ಕೆಜಿ ಉಚಿತವಾಗಿ ಹೋಗ್ತಿತ್ತು. 2013ರ ಏಪ್ರಿಲ್ ಕೊನೆಗೆ ಡಿಜಿಸಿಎ, ಸೀಟಿನ ಆಯ್ಕೆ, ಊಟ, ಲಗೇಜ್ ಮುಂತಾದಕ್ಕೆ ಬೇರೆಯಾಗಿ ದುಡ್ಡು ತಗೊಳ್ಳಬಹುದು ಅಂತ ಒಪ್ಪಿಗೆ ಕೊಟ್ಟಿತು. ಆ ವರ್ಷವೇ ಖಾಸಗಿ ಕಂಪನಿಗಳು ಒಂದಾದ ಮೇಲೊಂದು 20ನ್ನ 15 ಮಾಡಿದವು. ಐದು ಕೆಜಿ ಮಾಯ. ನಮ್ಮ ರಾಗಿ ಹಿಟ್ಟಿನ ತೂಕವೂ ಐದೇ ಕೆಜಿ.

ಜನ ಗಲಾಟೆ ಮಾಡಿದ್ರು. 2016ರಲ್ಲಿ ಡಿಜಿಸಿಎ ಮಧ್ಯೆ ಬಂತು. 15ರಿಂದ 20 ಕೆಜಿ ನಡುವಿನ ತೂಕಕ್ಕೆ ಕೆಜಿಗೆ 100 ರೂಪಾಯಿಗಿಂತ ಹೆಚ್ಚು ಕೇಳೋ ಹಾಗಿಲ್ಲ ಅಂತ ಹೇಳಿತು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ದೆಹಲಿ ಹೈಕೋರ್ಟ್ ಆ ಮಿತಿಯನ್ನ ರದ್ದು ಮಾಡಿತು. ಅಲ್ಲಿಂದ ದರ ಏರುತ್ತಾ ಈಗ ಹಲವು ಕಡೆ ಕೆಜಿಗೆ 500 ರೂಪಾಯಿ ದಾಟಿದೆ.

ಇನ್ನು ಕೈಬ್ಯಾಗ್. ಒಬ್ಬರಿಗೆ ಒಂದೇ ಅನ್ನೋ ನಿಯಮ ಭದ್ರತಾ ಬ್ಯೂರೋ, ಅಂದ್ರೆ ಬಿಸಿಎಎಸ್‌ನದು. 2000ನೇ ಇಸವಿಯ ಸುತ್ತೋಲೆಯಲ್ಲೇ ಅದಿದೆ. ಸಾಮಾನ್ಯವಾಗಿ ತೂಕ 7 ಕೆಜಿ, ಉದ್ದ ಅಗಲ ಎತ್ತರ ಕೂಡಿದ್ರೆ 115 ಸೆಂಟಿಮೀಟರ್.

ಹಾಗಾದ್ರೆ ತಪ್ಪು ಯಾರದು?

ಲೆಕ್ಕಕ್ಕೆ ಎರಡು ಮುಖ ಇದೆ. ಬರಿಗೈಲಿ ಹೋಗೋನು ನನ್ನ ಬ್ಯಾಗಿನ ಖರ್ಚನ್ನ ಯಾಕೆ ಹೊರಬೇಕು? ಈ ವಾದ ಸುಳ್ಳಲ್ಲ. 2021ರಲ್ಲಿ ಡಿಜಿಸಿಎ, ಲಗೇಜ್ ಇಲ್ಲದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಕೊಡಬಹುದು ಅಂದದ್ದೂ ಇದೇ ಲೆಕ್ಕದ ಮೇಲೆ.

ಆದ್ರೆ ಬರಿಗೈಲಿ ಹೋಗೋನು ಯಾರು? ಆಫೀಸ್ ಮೀಟಿಂಗ್‌ಗೆ ಹೋಗಿ ಸಾಯಂಕಾಲ ವಾಪಸ್ ಬರೋನು. ಊರು ಬಿಟ್ಟು ಹೊಸ ಜಾಗಕ್ಕೆ ಹೋಗೋನು ಮನೆಯನ್ನೇ ಕಟ್ಟಿಕೊಂಡು ಹೋಗ್ತಾನೆ. ಮೊದಲ ಸಲ ಹೋಗೋನಿಗೆ ನಿಯಮ ಗೊತ್ತಿರಲ್ಲ. ಟಿಕೆಟ್ ಜೊತೆ ಬರೋ ಷರತ್ತುಗಳು ಇಂಗ್ಲಿಷಲ್ಲಿ ಇರ್ತವೆ, ಸಣ್ಣಕ್ಷರದಲ್ಲಿ. ಆನ್‌ಲೈನ್‌ನಲ್ಲಿ ಮುಂಚೆ ಬುಕ್ ಮಾಡಿದ್ರೆ ಸಾಮಾನ್ಯವಾಗಿ ಕಡಿಮೆ, ಕೌಂಟರ್‌ನಲ್ಲಿ ಜಾಸ್ತಿ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಕೊಡೋನು ಗೊತ್ತಿಲ್ಲದೋನೇ.

ಕೋಳಿಯ ಕಥೆಗೆ ವಾಪಸ್ ಬರ್ತೀನಿ. ಅಲ್ಲಿ ಕಂಡಕ್ಟರ್ ಎದುರಿಗೇ ಇದ್ರು. ಪ್ರಯಾಣಿಕರು ನಮ್ಮ ಭಾಷೆಯಲ್ಲೇ ಜಗಳ ಆಡಬಹುದಿತ್ತು, ಅಕ್ಕಪಕ್ಕದವರು ಬಾಯಿ ಹಾಕಬಹುದಿತ್ತು, ಬೇಡ ಅಂದ್ರೆ ಮುಂದಿನ ಸ್ಟಾಪಲ್ಲಿ ಇಳೀಬಹುದಿತ್ತು. ಕೌಂಟರ್ ಮುಂದೆ ನಿಂತ ಅಣ್ಣನಿಗೆ ಆ ದಾರಿಗಳು ಒಂದೂ ಇರಲಿಲ್ಲ. ದುಡ್ಡು ಕೇಳಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಹಿಂದಕ್ಕೆ ಬರೋಕೆ ಆಗದ ಜಾಗದಲ್ಲಿ ನಿಲ್ಲಿಸಿ ಕೇಳಿದ್ರಲ್ಲ, ಅದಕ್ಕೆ ಬೇಜಾರು. ಟಿಕೆಟ್ ಕೊಂಡ ದಿನವೇ ಕನ್ನಡದಲ್ಲಿ ಒಂದು ಸಾಲು, 'ನಿಮ್ಮ ಬ್ಯಾಗ್ 15 ಕೆಜಿ ದಾಟಿದ್ರೆ ಕೆಜಿಗೆ ಇಷ್ಟು' ಅಂತ ಮೆಸೇಜ್ ಬಂದಿದ್ರೆ ಆ ಚೀಲ ಮನೆಯಲ್ಲೇ ಉಳೀತಿತ್ತು. ಪಾರ್ಸೆಲ್ ಆದ್ರೂ ಮಾಡ್ತಿದ್ವಿ.

ನಮ್ಮ ಮನೆ ನಡುಮನೆಯಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ನೇತಾಡ್ತಿರುತ್ತೆ. ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗೋ ಮುಂಚೆ ಅದರಲ್ಲಿ ಒಂದು ಸಲ ತೂಗೋದು ಅಭ್ಯಾಸ, ಅಲ್ಲಿ ಮೋಸ ಹೋಗಬಾರದು ಅಂತ. ಈಗ ಅಣ್ಣ ಊರಿಗೆ ಬಂದು ಹೊರಡೋವಾಗ ದೊಡ್ಡಮ್ಮ ಬ್ಯಾಗನ್ನ ಅದಕ್ಕೇ ನೇತುಹಾಕ್ತಾರೆ. ಮುಳ್ಳು ಹದಿನೈದಕ್ಕೆ ಬಂದ ಕೂಡಲೇ ನಿಲ್ಲಿಸ್ತಾರೆ. ಹೋದ ಸಲ ಎರಡು ಜೀನ್ಸ್ ಪ್ಯಾಂಟ್ ತೆಗೆದು ಹೊರಗಿಟ್ರು.

"ಪ್ಯಾಂಟ್ ದೆಹಲೀಲೂ ಸಿಗುತ್ತೆ" ಅಂದ್ರು. ರಾಗಿ ಹಿಟ್ಟು ಒಳಗೇ ಇತ್ತು.

ನಿಮ್ಮ ಮನೆಯಿಂದ ಹೊರಟ ಬ್ಯಾಗಲ್ಲಿ ಏನು ಉಳೀತು, ಏನನ್ನ ಬಿಟ್ಟು ಬಂದ್ರಿ? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.